ಮೊದಲ ಔಷಧ ಕೈಕೊಟ್ಟ ಮೇಲೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಹರಡಿದ ಅಥವಾ ಮರುಕಳಿಸಿದ ಕ್ಯಾನ್ಸರಿಗೆ ಮೊದಲು ಕೊಟ್ಟ ಔಷಧ ಕೆಲಸ ನಿಲ್ಲಿಸಿದಾಗ ಶುರು ಮಾಡುವುದನ್ನು ಆಸ್ಪತ್ರೆಯಲ್ಲಿ ‘ಸೆಕೆಂಡ್ ಲೈನ್’ ಅನ್ನುತ್ತಾರೆ. ಎರಡನೇ ದರ್ಜೆಯ ಔಷಧ ಎಂದಲ್ಲ, ಸರದಿಯಲ್ಲಿ ಎರಡನೆಯದು ಎಂದರ್ಥ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇದ್ದವು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತಂದೆಯವರಿಗೆ 58 ವರ್ಷ. ಕೆನ್ನೆಯ ಒಳಭಾಗದ ಕ್ಯಾನ್ಸರಿಗೆ ಆಪರೇಷನ್ ಆಯಿತು, ಆಮೇಲೆ ಸಿಸ್‌ಪ್ಲಾಟಿನ್ ಜೊತೆ ರೇಡಿಯೇಶನ್. ಅದು ಮುಗಿದು ನಾಲ್ಕೇ ತಿಂಗಳಿಗೆ ಕುತ್ತಿಗೆಯಲ್ಲಿ ಗಂಟು ಎದ್ದಿದೆ. ಈಗ ಬರೀ ಮಾತ್ರೆ ಬರೆದುಕೊಟ್ಟಿದ್ದಾರೆ: ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಅರ್ಲೊಟಿನಿಬ್. ಡಾಕ್ಟರು ಕೈಚೆಲ್ಲಿದರು ಅಂದುಕೊಳ್ಳಬೇಕೆ? (ಗದಗ)

ಉತ್ತರ: ಬೇಡ. ಸಿಸ್‌ಪ್ಲಾಟಿನ್ ಮುಗಿದು ಆರು ತಿಂಗಳೊಳಗೆ ಗಂಟು ಮರಳಿದರೆ, ಆ ಕ್ಯಾನ್ಸರ್ ಪ್ಲಾಟಿನಂ ವರ್ಗದ ಔಷಧಕ್ಕೆ ಬಗ್ಗುವುದಿಲ್ಲ ಎಂದೇ ಲೆಕ್ಕ. ಅದನ್ನೇ ಮತ್ತೆ ಡ್ರಿಪ್‌ನಲ್ಲಿ ಏರಿಸಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಗಂಟಿಗೆ ಬೀಳುವುದು ಕಡಿಮೆ. ನಿಮಗೆ ಬರೆದಿರುವುದು ಮೆಟ್ರೊನಾಮಿಕ್ ಚಿಕಿತ್ಸೆ, ಅಂದರೆ ಸಣ್ಣ ಪ್ರಮಾಣದಲ್ಲಿ, ಬಿಡುವಿಲ್ಲದೆ. ಇದರ ಮೇಲೆ ಗಟ್ಟಿ ಕೆಲಸ ಆಗಿರುವುದು ನಮ್ಮ ದೇಶದಲ್ಲೇ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 422 ರೋಗಿಗಳಿದ್ದರು. ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಮಾತ್ರೆ ತಗೊಂಡವರ ಬದುಕಿನ ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಹೆಚ್ಚು, ಇನ್ನರ್ಧ ಜನ ಕಡಿಮೆ ಕಾಲ ಬದುಕಿದರು ಎಂಬ ಅಳತೆ) 7.5 ತಿಂಗಳು, ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ತಗೊಂಡವರದು 6.1 ತಿಂಗಳು. ಮಾತ್ರೆಯ ಕಡೆಯವರಿಗೆ ತೀವ್ರ ಅಡ್ಡಪರಿಣಾಮವೂ ಕಡಿಮೆಯಿತ್ತು. ಅಂಕಿ ದೊಡ್ಡದಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ‘ಬರೀ ಮಾತ್ರೆ’ ಎಂದು ಹಗುರ ಮಾಡುವಂಥದ್ದೂ ಅಲ್ಲ.

ಡಾಕ್ಟರನ್ನು ಕೇಳಬೇಕಾದ ಒಂದು ಮಾತಿದೆ: ‘ಇದರ ಜೊತೆ ಕಡಿಮೆ ಡೋಸಿನ ನಿವೊಲುಮ್ಯಾಬ್ ಸೇರಿಸಬಹುದೆ?’ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಂಜೆಕ್ಷನ್ ಇದು. ಅದೇ ತಂಡ 2022ರಲ್ಲಿ ನಿಮಗೆ ಬರೆದ ಮೂರೂ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿ.ಗ್ರಾಂ. ನಿವೊಲುಮ್ಯಾಬ್ ಕೊಟ್ಟು ನೋಡಿತು. ಒಂದು ವರ್ಷದ ನಂತರ ಬದುಕಿದ್ದವರು ಬರೀ ಮಾತ್ರೆಯ ಗುಂಪಿನಲ್ಲಿ ಶೇ 16.3, ಇಂಜೆಕ್ಷನ್ ಸೇರಿದ ಗುಂಪಿನಲ್ಲಿ ಶೇ 43.4. ಪೂರ್ಣ ಡೋಸ್ ಎಂದರೆ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ. ಅದರ ಹನ್ನೆರಡರಲ್ಲಿ ಒಂದು ಪಾಲು ಸಾಕಾಯಿತು. ಸಣ್ಣ ವೈಲ್ (ಔಷಧದ ಸೀಸೆ) ಸಿಗುವುದು 40 ಮಿ.ಗ್ರಾಂ.ನದು. ಆದ್ದರಿಂದ ಒಂದೇ ದಿನ ಇಬ್ಬರು ರೋಗಿಗಳನ್ನು ಕರೆಸಿ ಒಂದು ವೈಲ್ ಹಂಚುವ ಏರ್ಪಾಡು ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂದು ವಿಚಾರಿಸಿ. ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಇನ್ನು ಮಾತ್ರೆ ತಗೊಳ್ಳುವ ರೀತಿ. ಇಲ್ಲಿ ಒಂದು ತಪ್ಪು ಪ್ರಾಣಕ್ಕೇ ಬರುತ್ತದೆ: ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟನ್ನು ದಿನಾ ನುಂಗುವುದು. ಈ ಮೂರು ಮಾತ್ರೆಯ ಪಟ್ಟಿಯಲ್ಲಿ ಅದರ ಡೋಸ್ ಮೈಯ ಒಂದು ಚದರ ಮೀಟರಿಗೆ 9 ಮಿ.ಗ್ರಾಂ. 1.6 ಚದರ ಮೀಟರಿನ ಮೈಗೆ ಸುಮಾರು 15 ಮಿ.ಗ್ರಾಂ., ಅಂದರೆ 2.5ರ ಮಾತ್ರೆಯಾದರೆ ಆರು, ಒಂದೇ ದಿನ, ಆಮೇಲೆ ಆರು ದಿನ ಮುಟ್ಟುವಂತಿಲ್ಲ. ಅಂಗಡಿಯಲ್ಲಿ 2.5, 5, 7.5, 10 ಹೀಗೆ ಹಲವು ಅಳತೆಯವು ಸಿಗುತ್ತವೆ. ಕಳೆದ ಸಲ 2.5 ಕೊಟ್ಟವನು ಈ ಸಲ 10 ಕೊಟ್ಟಿದ್ದರೆ, ‘ಆರು ಮಾತ್ರೆ’ ಎಂಬ ನೆನಪು 60 ಮಿ.ಗ್ರಾಂ. ನುಂಗಿಸಿಬಿಡುತ್ತದೆ. ಸ್ಟ್ರಿಪ್ಪಿನ ಬೆನ್ನಿಗೆ ಮಾರ್ಕರಿನಲ್ಲಿ ‘ಭಾನುವಾರ ಮಾತ್ರ’ ಎಂದು ಬರೆಯಿರಿ. ಬಿ.ಪಿ., ಶುಗರ್ ಮಾತ್ರೆಯ ಡಬ್ಬಿಯಲ್ಲಿ ಇಡಬೇಡಿ. ಕ್ಯಾಲೆಂಡರಿನಲ್ಲಿ ತಗೊಂಡ ದಿನಕ್ಕೆ ಗುರುತು ಹಾಕಿ. ತಪ್ಪಿ ಎರಡು ಮೂರು ದಿನ ಸತತ ನುಂಗಿದ್ದರೆ ಬಾಯಿ ಹುಣ್ಣಾಗುವವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಲ್ಯೂಕೊವೊರಿನ್ ಎಂಬ ಪ್ರತ್ಯೌಷಧ ಇದೆ, ಬೇಗ ಕೊಟ್ಟಷ್ಟೂ ಉಪಯೋಗ. ಮೂತ್ರದ ಸೋಂಕು, ಕೆಮ್ಮು ಎಂದು ಊರಿನ ಕ್ಲಿನಿಕ್ಕಿಗೆ ಹೋದರೆ ಮೆಥೊಟ್ರೆಕ್ಸೇಟ್ ನಡೆಯುತ್ತಿದೆ ಎಂದು ಮೊದಲೇ ಹೇಳಿ. ಕೋಟ್ರೈಮೊಕ್ಸಜೋಲ್ ಮಾತ್ರೆ ಇದರ ಜೊತೆ ಸೇರಿದರೆ ರಕ್ತಕಣಗಳು ಕುಸಿಯುತ್ತವೆ.

ಅರ್ಲೊಟಿನಿಬ್ ಖಾಲಿ ಹೊಟ್ಟೆಗೆ: ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಹೊಟ್ಟೆಯಲ್ಲಿ ಆಮ್ಲ ಇದ್ದರೇ ಅದು ಕರಗುವುದು. ಗ್ಯಾಸ್ಟ್ರಿಕ್ ಎಂದು ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸ ಅರ್ಧ ಕರ್ನಾಟಕಕ್ಕೆ ಇದೆ. ಅದು ಈ ದುಬಾರಿ ಮಾತ್ರೆಯನ್ನು ಮೈಗೆ ಹತ್ತದಂತೆ ಮಾಡುತ್ತದೆ. ಬೀಡಿ ಬಿಟ್ಟಿಲ್ಲವಾದರೆ ಅದೂ ರಕ್ತದಲ್ಲಿ ಔಷಧದ ಮಟ್ಟ ಇಳಿಸುತ್ತದೆ. ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಏಳುವುದು ನಿರೀಕ್ಷಿತ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ. ಸೆಲೆಕಾಕ್ಸಿಬ್ ತಾನೇ ನೋವಿನ ಮಾತ್ರೆಯ ಜಾತಿ. ಅದರ ಮೇಲೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಹೇರಿದರೆ ಕಿಡ್ನಿ ಸೋಲುತ್ತದೆ, ಕಿಡ್ನಿ ಸೋತರೆ ಮೆಥೊಟ್ರೆಕ್ಸೇಟ್ ಮೈಯಲ್ಲೇ ಉಳಿಯುತ್ತದೆ.

ಬಾಯಿ ತೆರೆಯಲಾಗದೆ ಮೂಗಿನ ನಳಿಕೆ ಹಾಕಿದ್ದರೆ ಮೆಥೊಟ್ರೆಕ್ಸೇಟನ್ನು ಮನೆಯಲ್ಲಿ ಕುಟ್ಟಿ ಪುಡಿ ಮಾಡಬೇಡಿ. ಪುಡಿ ಹಾರಿ ಉಸಿರಿಗೆ ಸೇರುತ್ತದೆ. ಮನೆಯಲ್ಲಿ ಬಸುರಿ ಇದ್ದರಂತೂ ಆಕೆ ಅದನ್ನು ಮುಟ್ಟಲೇಬಾರದು. ನಳಿಕೆಯಲ್ಲಿ ಹೇಗೆ ಕೊಡಬೇಕೆಂದು ವಾರ್ಡಿನ ಫಾರ್ಮಸಿಸ್ಟ್ ತೋರಿಸಿಕೊಡಬೇಕು, ಕೇಳಿ.

ಪ್ರಶ್ನೆ: ಅಮ್ಮನಿಗೆ 61. ಸಿಗರೇಟು, ಹೊಗೆಸೊಪ್ಪು ಏನೂ ಇಲ್ಲ, ಆದರೂ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಪಾಸಿಟಿವ್ ಎಂದು ಗೆಫಿಟಿನಿಬ್ ಕೊಟ್ಟರು. 14 ತಿಂಗಳು ಚೆನ್ನಾಗಿದ್ದರು. ಈಗ ಸ್ಕ್ಯಾನಿನಲ್ಲಿ ಗಡ್ಡೆ ಸ್ವಲ್ಪ ದೊಡ್ಡದಾಗಿದೆ ಅಂತ ರಕ್ತ ಪರೀಕ್ಷೆ, ಅದರಲ್ಲಿ ಗೊತ್ತಾಗದಿದ್ದರೆ ಮತ್ತೆ ಬಯಾಪ್ಸಿ ಅನ್ನುತ್ತಾರೆ. ಕಾಯಿಲೆ ಯಾವುದೆಂದು ಗೊತ್ತೇ ಇರುವಾಗ ಮತ್ತೆ ಸೂಜಿ ಯಾಕೆ? (ಮಂಗಳೂರು)

ಉತ್ತರ: ಹೆಸರು ಅದೇ ಇದ್ದರೂ ಕಾಯಿಲೆ ಬದಲಾಗಿರಬಹುದು, ಅದಕ್ಕೆ. ಇಜಿಎಫ್‌ಆರ್ ಎಂದರೆ ಜೀವಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನು. ಅದರಲ್ಲಿ ಗೆಫಿಟಿನಿಬ್ ಕೂರುವ ಜಾಗದಲ್ಲಿ 790ನೇ ಅಮೈನೊ ಆಮ್ಲ ಥ್ರಿಯೊನಿನ್ ಹೋಗಿ ಮೆಥಿಯೊನಿನ್ ಆದರೆ ಔಷಧಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ರಿಪೋರ್ಟಿನಲ್ಲಿ ‘ಟಿ790ಎಂ’ ಎಂದು ಬರೆಯುವುದು ಇದನ್ನೇ. ಗೆಫಿಟಿನಿಬ್, ಅರ್ಲೊಟಿನಿಬ್ ಸೋತವರಲ್ಲಿ ಸುಮಾರು ಅರ್ಧಕ್ಕೂ ಹೆಚ್ಚು ಜನರಲ್ಲಿ ಕಾಣುವ ಕಾರಣ ಇದು. ಇದು ಸಿಕ್ಕರೆ ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ದಿನಕ್ಕೆ 80 ಮಿ.ಗ್ರಾಂ. ಒಸಿಮರ್ಟಿನಿಬ್ ಆ ಬದಲಾದ ಜಾಗಕ್ಕೂ ಅಂಟುತ್ತದೆ. 2017ರ ಔರಾ 3 ಅಧ್ಯಯನದಲ್ಲಿ ಟಿ790ಎಂ ಇದ್ದವರಿಗೆ ಒಸಿಮರ್ಟಿನಿಬ್ ಕೊಟ್ಟಾಗ ಕಾಯಿಲೆ ಮಧ್ಯಾಂಕ ಲೆಕ್ಕದಲ್ಲಿ 10.1 ತಿಂಗಳು ಹತೋಟಿಯಲ್ಲಿತ್ತು, ಕೀಮೋ ಕೊಟ್ಟಾಗ 4.4 ತಿಂಗಳು.

ರಕ್ತ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದರೆ ಅಲ್ಲಿಗೆ ಸಾಕು. ‘ಇಲ್ಲ’ ಎಂದು ಬಂದರೆ ನಂಬುವಂತಿಲ್ಲ, ಏಕೆಂದರೆ ಗಡ್ಡೆ ರಕ್ತಕ್ಕೆ ಸಾಕಷ್ಟು ಡಿಎನ್‌ಎ ಸುರಿಸದೆ ಇದ್ದಿರಬಹುದು. ಸಾಮಾನ್ಯ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು ರಾತ್ರಿಯಿಡೀ ಕೊರಿಯರಿನಲ್ಲಿ ಕಳಿಸಿದರೂ ಕೆಡುತ್ತದೆ. ಮಾದರಿ ಊರಾಚೆ ಹೋಗುವುದಿದ್ದರೆ ಜೀವಕೋಶ ಒಡೆಯದಂತೆ ತಡೆಯುವ ವಿಶೇಷ ಟ್ಯೂಬೇ ಬೇಕು. ಇನ್ನು ಬಯಾಪ್ಸಿ ಮಾತ್ರ ಹೇಳಬಲ್ಲ ಸಂಗತಿ ಒಂದಿದೆ: ಕೆಲವರಲ್ಲಿ ಗಡ್ಡೆ ಸ್ಮಾಲ್ ಸೆಲ್ ಎಂಬ ಬೇರೆ ಜಾತಿಗೇ ತಿರುಗಿರುತ್ತದೆ. ಅದಕ್ಕೆ ಕೊಡುವ ಕೀಮೋನೇ ಬೇರೆ. ಸೂಜಿ ಹಾಕಿಸಿಕೊಳ್ಳಲು ಹಿಂಜರಿಯಬೇಡಿ. ಅಂದಹಾಗೆ ಮೊದಲಿನಿಂದಲೇ ಒಸಿಮರ್ಟಿನಿಬ್ ತಗೊಂಡು ಅದು ಸೋತಿದ್ದರೆ ಬರೀ ಟಿ790ಎಂ ಹುಡುಕುವುದಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ ಬೇಕು.

ಆದರೆ ಅದಕ್ಕೂ ಮೊದಲು ‘ಸ್ವಲ್ಪ ದೊಡ್ಡದಾಗಿದೆ’ ಎಂದರೆ ಎಷ್ಟು ಎಂದು ಕೇಳಿ. ಅಳೆಯುವ ಗಡ್ಡೆಗಳ ವ್ಯಾಸದ ಮೊತ್ತ ಶೇ 20ರಷ್ಟು, ಕನಿಷ್ಠ 5 ಮಿ.ಮೀ. ಏರಿದರೆ ‘ಬೆಳೆದಿದೆ’ ಎಂಬುದು ಅಂತರರಾಷ್ಟ್ರೀಯ ಲೆಕ್ಕ. ಹೋಲಿಸುವುದು ಅತಿ ಚಿಕ್ಕದಾಗಿದ್ದಾಗಿನ ಅಳತೆಗೆ, ಮೊದಲ ಸ್ಕ್ಯಾನಿಗಲ್ಲ. 5 ಸೆಂ.ಮೀ. ಇದ್ದದ್ದು 3ಕ್ಕೆ ಇಳಿದು ಈಗ 3.7 ಆಗಿದ್ದರೆ, ಶುರುವಿಗಿಂತ ಚಿಕ್ಕದೇ ಇದ್ದರೂ ಬೆಳೆದಿದೆ ಎಂದೇ ಅರ್ಥ. 3 ಇದ್ದದ್ದು 3.3 ಆಗಿದ್ದರೆ ಆ ಲೆಕ್ಕಕ್ಕೆ ಬರುವುದಿಲ್ಲ, ಅದೇ ಮಾತ್ರೆಯಲ್ಲಿ ಇನ್ನೂ ಕೆಲವು ವಾರ ಕಾದು ನೋಡಬಹುದು. ಒಂದೇ ಕಡೆ ಬೆಳೆದು ಉಳಿದೆಡೆ ಶಾಂತವಾಗಿದ್ದರೆ ಅಲ್ಲಿಗಷ್ಟೇ ರೇಡಿಯೇಶನ್ ಕೊಟ್ಟು ಗೆಫಿಟಿನಿಬ್ ಮುಂದುವರಿಸುವುದೂ ಉಂಟು. ಎರಡೂ ಸ್ಕ್ಯಾನಿನ ಸಿ.ಡಿ. ಒಯ್ಯಿರಿ. ಬರೀ ಕಾಗದ ನೋಡಿ ಯಾರೂ ಅಳೆಯಲಾರರು. ಹೊಸ ಔಷಧ ಕೈಗೆ ಬರುವ ಮೊದಲೇ ಗೆಫಿಟಿನಿಬ್ ಬಿಟ್ಟುಬಿಡಬೇಡಿ. ಕೆಲವರಲ್ಲಿ ಬಿಟ್ಟ ಕೆಲವೇ ದಿನಗಳಲ್ಲಿ ಕಾಯಿಲೆ ಭುಗಿಲೇಳುತ್ತದೆ. ಯಾವಾಗ ನಿಲ್ಲಿಸಬೇಕೆಂದು ದಿನಾಂಕವನ್ನೇ ಬರೆಸಿಕೊಳ್ಳಿ.

ಕೊನೆಗೆ ಪೆಮೆಟ್ರೆಕ್ಸೆಡ್ ಕೀಮೋಗೆ ಹೋಗಬೇಕಾಗಿ ಬಂದರೆ ಒಂದು ವಾರದ ಪೂರ್ವಸಿದ್ಧತೆ ಇದೆ: ದಿನಾ 350ರಿಂದ 1,000 ಮೈಕ್ರೊಗ್ರಾಂ ಫೋಲಿಕ್ ಆಮ್ಲ, ಮತ್ತು 1,000 ಮೈಕ್ರೊಗ್ರಾಂ ಬಿ12 ಇಂಜೆಕ್ಷನ್, ಇದನ್ನು ಒಂಬತ್ತು ವಾರಕ್ಕೊಮ್ಮೆ ಮತ್ತೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫೋಲಿಕ್ ಆಮ್ಲದ ಮಾತ್ರೆ 5 ಮಿ.ಗ್ರಾಂ.ನದು, ಅಂದರೆ 5,000 ಮೈಕ್ರೊಗ್ರಾಂ. ಸ್ಟ್ರಿಪ್ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ಪ್ರಶ್ನೆ: ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರಿಗೆ ಹರಡಿದೆ. ಫಾಲ್‌ಫಾಕ್ಸ್ ಕೀಮೋ 12 ಸಲ ಆಯಿತು, ಕೈಕಾಲು ಜೋಮು. ಈಗ ಫಾಲ್‌ಫಿರಿ. ಎರಡನೇ ಸಲದ ನಂತರ ಐದನೇ ದಿನಕ್ಕೆ ಭೇದಿ ಹಿಡಿದು ಸುಸ್ತಾಗಿಬಿಟ್ಟರು. ಮನೆಯಲ್ಲಿ ಏನು ಮಾಡಬೇಕು? ಫಾಲ್‌ಫಿರಿಯನ್ನೇ ಮೊದಲು ಕೊಟ್ಟಿದ್ದರೆ ಚೆನ್ನಾಗಿತ್ತೇ? (ದಾವಣಗೆರೆ)

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇವೆ, ಮನಸ್ಸಿನ ಕೊರಗು ಹೋಗಲಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಫ್ರಾನ್ಸಿನ ಅಧ್ಯಯನವೊಂದು ನೇರವಾಗಿ ಹೋಲಿಸಿತು. 2004ರಲ್ಲಿ ಪ್ರಕಟವಾದ ಅದರಲ್ಲಿ ಬದುಕಿನ ಮಧ್ಯಾಂಕ ಒಂದು ಸರದಿಗೆ 21.5 ತಿಂಗಳು, ಇನ್ನೊಂದಕ್ಕೆ 20.6. ವ್ಯತ್ಯಾಸವೇ ಇಲ್ಲ ಅನ್ನಿ. ಜೋಮು ಫಾಲ್‌ಫಾಕ್ಸ್‌ನಲ್ಲಿರುವ ಆಕ್ಸಾಲಿಪ್ಲಾಟಿನ್‌ನದು. ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಏರಬಹುದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ.

ಭೇದಿ ಫಾಲ್‌ಫಿರಿಯಲ್ಲಿರುವ ಇರಿನೊಟೆಕಾನ್‌ನದು. ಮೈಯೊಳಗೆ ಅದು ಎಸ್‌ಎನ್-38 ಎಂಬ ಖಾರ ರೂಪಕ್ಕೆ ತಿರುಗುತ್ತದೆ. ಲಿವರ್ ಅದಕ್ಕೊಂದು ಸಕ್ಕರೆಯ ಅಂಶ ಅಂಟಿಸಿ, ತಣ್ಣಗೆ ಮಾಡಿ, ಪಿತ್ತದ ಮೂಲಕ ಕರುಳಿಗೆ ಬಿಡುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಅಂಟನ್ನು ಬಿಡಿಸಿಬಿಡುತ್ತವೆ. ಖಾರ ಮತ್ತೆ ಖಾರವೇ ಆಗಿ ಕರುಳಿನ ಒಳಪದರ ಸುಡುತ್ತದೆ. ಅದಕ್ಕೇ ಡ್ರಿಪ್ ಮುಗಿದ ದಿನವಲ್ಲದೆ ಕೆಲವು ದಿನ ಬಿಟ್ಟು ಕಾಣುವುದು. ಡ್ರಿಪ್ ನಡೆಯುವಾಗಲೇ ಬೆವರು, ಜೊಲ್ಲು, ಹೊಟ್ಟೆ ಹಿಂಡುವುದರ ಜೊತೆ ಬರುವ ಭೇದಿ ಬೇರೆ. ಅದಕ್ಕೆ ಅಲ್ಲೇ ಅಟ್ರೊಪಿನ್ ಇಂಜೆಕ್ಷನ್.

ಮನೆಗೆ ಹೊರಡುವಾಗಲೇ ಲೊಪೆರಮೈಡ್ 2 ಮಿ.ಗ್ರಾಂ. ಮಾತ್ರೆ ಜೇಬಿನಲ್ಲಿರಬೇಕು. ಮೊದಲ ನೀರುಭೇದಿಗೇ ಎರಡು ಮಾತ್ರೆ, ಆಮೇಲೆ ಎರಡು ಗಂಟೆಗೊಂದು. ರಾತ್ರಿ ನಿದ್ದೆಗೆಡಬಾರದೆಂದರೆ ನಾಲ್ಕು ಗಂಟೆಗೆ ಎರಡು. ಭೇದಿ ನಿಂತು 12 ಗಂಟೆ ಆಗುವವರೆಗೂ ಬಿಡುವಂತಿಲ್ಲ. 48 ಗಂಟೆಗಿಂತ ಹೆಚ್ಚು ಮುಂದುವರಿಸುವಂತೆಯೂ ಇಲ್ಲ. ಇದು ಪೊಟ್ಟಣದ ಮೇಲೆ ಬರೆದ ದಿನದ ಮಿತಿಯನ್ನು ದಾಟುತ್ತದೆ, ಅಂಗಡಿಯವರು ಗಾಬರಿಯಾಗುವುದು ಸಹಜ. ಆದ್ದರಿಂದ ಈ ಕ್ರಮವನ್ನು ನಿಮ್ಮ ಕ್ಯಾನ್ಸರ್ ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ. ಸಾಮಾನ್ಯವಾಗಿ ನಡೆಯುವ ತಪ್ಪು ‘ನಾಲ್ಕೈದು ಸಲ ಆಗಲಿ, ನೋಡೋಣ’ ಎಂದು ಕೂರುವುದು.

ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ, ಪುಟ್ಟದು 200 ಮಿ.ಲೀ. ಲೋಟಕ್ಕೆ. ದೊಡ್ಡದನ್ನು ಒಂದು ಲೋಟಕ್ಕೆ ಕಲಕಿ ಕುಡಿಸಿದರೆ ಭೇದಿ ಹೆಚ್ಚುತ್ತದೆ. ಟೆಟ್ರಾ ಪ್ಯಾಕಿನ ಸಿಹಿ ಹಣ್ಣಿನ ರಸ ಓಆರ್‌ಎಸ್ ಅಲ್ಲ, ಹೆಸರು ಏನೇ ಇರಲಿ. ಉಪ್ಪು ಹಾಕಿದ ಅಕ್ಕಿ ಗಂಜಿ, ಬಾಳೆಹಣ್ಣು ಸರಿ. ಹಾಲು, ಕಾಫಿ, ಖಾರದ ಸಾರು ಆ ವಾರ ಬೇಡ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಭೇದಿಯಲ್ಲಿ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ, 24 ಗಂಟೆಯಲ್ಲೂ ನಿಲ್ಲದಿದ್ದರೆ ಮನೆಮದ್ದು ಸಾಕು ಮಾಡಿ ಆಸ್ಪತ್ರೆಗೆ ಹೊರಡಿ. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಮಲಗಿಸಬೇಡಿ. ಬಿಳಿ ರಕ್ತಕಣ ಇಳಿದಾಗ ಭೇದಿಯ ಜೊತೆ ಬರುವ ಜ್ವರ ಒಂದೇ ರಾತ್ರಿಯಲ್ಲಿ ಕೈಮೀರುತ್ತದೆ. ಮುಂದಿನ ಸಲಕ್ಕೆ ಡೋಸ್ ತಗ್ಗಿಸುವ ಮಾತು ಬರುತ್ತದೆ, ಒಪ್ಪಿಕೊಳ್ಳಿ, ಅದು ಸೋಲಲ್ಲ. ಹಿಂದೆ ಯಾವಾಗಲಾದರೂ ‘ಬಿಲಿರುಬಿನ್ ಯಾಕೋ ಸ್ವಲ್ಪ ಜಾಸ್ತಿ, ಪರವಾಗಿಲ್ಲ’ ಎಂದು ಹೇಳಿಸಿಕೊಂಡಿದ್ದರೆ ತಿಳಿಸಿ. ಯುಜಿಟಿ1ಎ1 ಎಂಬ ಜೀನಿನ ವ್ಯತ್ಯಾಸ ಇರುವವರಲ್ಲಿ ಆ ಅಂಟಿಸುವ ಕೆಲಸ ನಿಧಾನ, ಅವರಿಗೆ ಇರಿನೊಟೆಕಾನ್ ಕಡಿಮೆಯೇ ಸಾಕು.

ಪ್ರಶ್ನೆ: ಸೆಕೆಂಡ್ ಲೈನ್ ಔಷಧದ ಅಂದಾಜು ಪಟ್ಟಿ ನೋಡಿ ತಲೆ ತಿರುಗಿತು. ಅಡಿಕೆ ತೋಟ ಮಾರುವುದೊಂದೇ ದಾರಿಯೇ? (ಶಿವಮೊಗ್ಗ)

ಉತ್ತರ: ತೋಟ ಮಾರುವ ಮುಂಚೆ ಎರಡು ಪ್ರಶ್ನೆ ಕೇಳಿ: ಈ ಔಷಧದಿಂದ ಎಷ್ಟು ತಿಂಗಳು ಸಿಗಬಹುದು, ಇದರ ಜೆನೆರಿಕ್ ಇದೆಯೇ. ಡೊಸೆಟಾಕ್ಸೆಲ್, ಪ್ಯಾಕ್ಲಿಟಾಕ್ಸೆಲ್, ಇರಿನೊಟೆಕಾನ್, ಕ್ಯಾಪೆಸಿಟಾಬಿನ್, ಗೆಫಿಟಿನಿಬ್, ಅಬಿರಾಟೆರೋನ್ ಇವೆಲ್ಲ ನಮ್ಮ ಕಂಪನಿಗಳೇ ಮಾಡುತ್ತವೆ. ಒಂದೇ ಔಷಧಕ್ಕೆ ಪೆಟ್ಟಿಗೆಯ ಮೇಲಿನ ಬೆಲೆಗೂ ಕೊಡುವ ಬೆಲೆಗೂ ಭಾರಿ ಅಂತರ ಇರುತ್ತದೆ. ಆಸ್ಪತ್ರೆಯ ಅಂಗಡಿ, ಅಮೃತ್ ಫಾರ್ಮಸಿ, ಜನೌಷಧಿ, ಮೂರೂ ಕಡೆ ವಿಚಾರಿಸಿ. ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್ 1,000 ಮಿ.ಗ್ರಾಂ. ಖಾಲಿ ಹೊಟ್ಟೆಗೆ ಕೊಡುವ ಔಷಧ. ತಿಂಡಿಯ ಜೊತೆ 250 ಮಿ.ಗ್ರಾಂ. ಕೊಟ್ಟರೂ ಪಿಎಸ್‌ಎ (ಈ ಕಾಯಿಲೆಯ ಏರಿಳಿತ ತೋರಿಸುವ ರಕ್ತದ ಅಂಶ) ಅಷ್ಟೇ ಇಳಿಯುತ್ತದೆ ಎಂದು 2018ರ ಸಣ್ಣ ಅಧ್ಯಯನವೊಂದು ತೋರಿಸಿತು. ಡಾಕ್ಟರು ಒಪ್ಪಿದರೆ ಖರ್ಚು ಕಾಲು ಭಾಗ. ತಾವೇ ಡೋಸ್ ಬದಲಿಸುವುದು ಮಾತ್ರ ಅಪಾಯ. ಪೂರ್ಣ ಡೋಸನ್ನು ಊಟದ ಜೊತೆ ನುಂಗಿದರೆ ರಕ್ತದಲ್ಲಿ ಮಟ್ಟ ಹಲವು ಪಟ್ಟು ಏರುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆದರೆ ಹಣ ಬರುವುದು ಪ್ಯಾಕೇಜಿನಲ್ಲಿರುವ ಔಷಧಕ್ಕೆ ಮಾತ್ರ. ಮೊದಲ ಡೋಸಿಗೆ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಬಳಿ ಔಷಧದ ಹೆಸರು ಹೇಳಿ ಕೇಳಿ. ಕೈಯಿಂದ ಕೊಟ್ಟು ಆಮೇಲೆ ವಾಪಸ್ ಪಡೆಯುತ್ತೇವೆಂದರೆ ಆಗುವುದಿಲ್ಲ.

ಪ್ರಶ್ನೆ: ಅತ್ತೆಯವರಿಗೆ ಜಠರದ ಕ್ಯಾನ್ಸರ್. ಮೊದಲ ಕೀಮೋ ಸೋತಿದೆ. ಹಗಲೆಲ್ಲ ಮಲಗಿಯೇ ಇರುತ್ತಾರೆ. ಡಾಕ್ಟರು ಇನ್ನು ಕೀಮೋ ಬೇಡ ಅನ್ನುತ್ತಾರೆ, ಸಂಬಂಧಿಕರು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಅನ್ನುತ್ತಾರೆ. (ಕಲಬುರಗಿ)

ಉತ್ತರ: ಜಠರದ ಕ್ಯಾನ್ಸರಿಗೆ ಎರಡನೇ ಸರದಿಯಲ್ಲಿ ಹೆಚ್ಚಾಗಿ ಕೊಡುವುದು ವಾರವಾರ ಪ್ಯಾಕ್ಲಿಟಾಕ್ಸೆಲ್, ಸಾಧ್ಯವಾದರೆ ಜೊತೆಗೆ ರಾಮುಸಿರುಮ್ಯಾಬ್. ಒಂದು ಅಧ್ಯಯನದಲ್ಲಿ ಇವೆರಡೂ ಸೇರಿದಾಗ ಬದುಕಿನ ಮಧ್ಯಾಂಕ 9.6 ತಿಂಗಳು, ಪ್ಯಾಕ್ಲಿಟಾಕ್ಸೆಲ್ ಒಂದೇ ಆದಾಗ 7.4. ಆದರೆ ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಎದ್ದು ಓಡಾಡಿಕೊಂಡು ಹಗುರ ಕೆಲಸ ಮಾಡಬಲ್ಲವರನ್ನು ಮಾತ್ರ. ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಹಿಡಿದವರಿಗೆ ಆ 9.6 ಅನ್ವಯಿಸುವುದಿಲ್ಲ. ಅಂಥವರಿಗೆ ಕೀಮೋ ಉಳಿದ ದಿನಗಳನ್ನೇ ಕಡಿಮೆ ಮಾಡಬಹುದು.

ಹಾಗಂತ ಸುಮ್ಮನಾಗುವ ಮೊದಲು, ಮಲಗಿರುವುದಕ್ಕೆ ಸರಿಪಡಿಸಬಹುದಾದ ಕಾರಣ ಇದೆಯೇ ಎಂದು ನೋಡಿಸಿ: ಹಿಮೋಗ್ಲೋಬಿನ್, ಸೋಡಿಯಂ, ಕ್ಯಾಲ್ಸಿಯಂ, ಸೋಂಕು, ಕಾಮಾಲೆಗೆ ಸ್ಟೆಂಟ್, ಹೊಟ್ಟೆಯಲ್ಲಿ ತುಂಬಿದ ನೀರು. ಇವು ಸರಿಹೋಗಿ ಎರಡು ವಾರದಲ್ಲಿ ಎದ್ದು ಕೂತರೆ ಕೀಮೋ ಮಾತು ಮತ್ತೆ ಎತ್ತಬಹುದು. ಸಂಬಂಧಿಕರ ಸಮಾಧಾನಕ್ಕೆ ಎರಡನೇ ಅಭಿಪ್ರಾಯ ಬೇಕಿದ್ದರೆ ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ಸಿ.ಡಿ.ಗಳ ಫೈಲು ಹಿಡಿದು ಮಗ ಒಬ್ಬನೇ ಬೆಂಗಳೂರಿನ ಕಿದ್ವಾಯಿಗೋ ಇನ್ನೊಂದೆಡೆಗೋ ಹೋಗಿ ಬರಲಿ. ಅತ್ತೆಯವರನ್ನು ರಾತ್ರಿ ಬಸ್ಸಿನಲ್ಲಿ ಅಲ್ಲಾಡಿಸುವುದು ಬೇಡ.

ಉಪಶಾಮಕ ಆರೈಕೆ, ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆ, ಕೊನೆಯ ವಾರದ ಮಾತಲ್ಲ. 2010ರಲ್ಲಿ ಅಮೆರಿಕದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಆರಂಭದಿಂದಲೇ ಈ ಆರೈಕೆ ಕೊಟ್ಟು ನೋಡಿದಾಗ ಬದುಕಿನ ಮಧ್ಯಾಂಕ 11.6 ತಿಂಗಳು, ಕೊಡದವರಿಗೆ 8.9. ಆರೈಕೆ ಪಡೆದವರಿಗೆ ಕೊನೆಗಾಲದಲ್ಲಿ ತೀವ್ರ ಚಿಕಿತ್ಸೆ ನಡೆದದ್ದೂ ಕಡಿಮೆ. ನೋವಿಗೆ ಮಾರ್ಫಿನ್ ಕೊಟ್ಟರೆ ಅದೇ ದಿನದಿಂದ ಮಲಬದ್ಧತೆಯ ಔಷಧವೂ ಶುರುವಾಗಬೇಕು, ನಾಲ್ಕನೇ ದಿನ ಹೊಟ್ಟೆ ಕಟ್ಟಿದ ಮೇಲಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪಿಸ್‌ನಲ್ಲಿ (ಇಂಥ ಆರೈಕೆಯ ಕೇಂದ್ರದಲ್ಲಿ) ಆರೈಕೆ ಉಚಿತ.

ಪ್ರಶ್ನೆ: ಕೀಮೋ ಜೊತೆ ಅಮೃತಬಳ್ಳಿ ಕಷಾಯ ಕೊಡಬಹುದೆ? (ಶಿರಸಿ)

ಉತ್ತರ: ಬೇಡ. ಅಮೃತಬಳ್ಳಿ ಕುಡಿದು ಲಿವರ್ ಊದಿದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಲಿವರ್ ಪರೀಕ್ಷೆ ಏರುಪೇರಾದರೆ ದೋಷ ಕೀಮೋದ್ದೋ ಕಷಾಯದ್ದೋ ತಿಳಿಯದೆ ಡಾಕ್ಟರು ಕೀಮೋವನ್ನೇ ನಿಲ್ಲಿಸಬೇಕಾಗುತ್ತದೆ. ಚಕ್ಕೋತವೂ ಬೇಡ, ಹಲವು ಕ್ಯಾನ್ಸರ್ ಮಾತ್ರೆಗಳನ್ನು ಮೈಯೊಳಗೆ ಒಡೆದುಹಾಕುವ ಕಿಣ್ವವನ್ನು ಅದು ತಡೆಯುತ್ತದೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ, ಎಷ್ಟು ದಿನ, ಎಷ್ಟು ಲೋಟ ಎಂದು ಫೈಲಿನಲ್ಲಿ ಬರೆಸಿ.